ಡಂಗರೀಸ್: ಕೊಳ್ಳುವ ಮುನ್ನ ಕುಳಿತು ನೋಡಿ

ಎದೆಪಟ್ಟಿ, ಹೆಗಲಪಟ್ಟಿಗಳುಳ್ಳ ಡಂಗರೀಸ್ ಹೆಸರಿಗೆ ಮುಂಬಯಿಯೇ ತವರು. ಅಲ್ಲಿನ ಡೋಂಗ್ರಿ ಪ್ರದೇಶದಲ್ಲಿ ಮಾರಾಟವಾಗುತ್ತಿದ್ದ ಒರಟು ಹತ್ತಿಬಟ್ಟೆಯಿಂದ ಈ ಹೆಸರು ಬಂದಿದೆ. ಎರಡನೇ ಮಹಾಯುದ್ಧದ (1939-45) ಕಾಲದಲ್ಲಿ ಬ್ರಿಟನ್ನಿನ ಹೊಲ, ಕಾರ್ಖಾನೆಗಳಲ್ಲಿ ದುಡಿದ ಮಹಿಳೆಯರು ಇದನ್ನು ಧರಿಸಿದ್ದರು.

ಆಯ್ಕೆಯಲ್ಲಿ ಸೊಂಟದ ಸುತ್ತಳತೆಯಷ್ಟೇ ಮುಖ್ಯವಾದುದು ಹೆಗಲಿನಿಂದ ತೊಡೆಸಂದಿನವರೆಗಿನ ಉದ್ದ. ಅದು ಕಡಿಮೆಯಾದರೆ ಕುಳಿತಾಗ ಬಟ್ಟೆ ಬಿಗಿದು ಹೆಗಲು ನೋಯುತ್ತದೆ. ಹೆಚ್ಚಾದರೆ ಜೋತು ಬೀಳುತ್ತದೆ. ಆದ್ದರಿಂದ ಅಂಗಡಿಯಲ್ಲೇ ತೊಟ್ಟು, ಕುಳಿತು, ಬಗ್ಗಿ ನೋಡುವುದು ಒಳಿತು. ಶೌಚಾಲಯದಲ್ಲಿ ಮೇಲ್ಭಾಗವನ್ನೂ ಇಳಿಸಬೇಕಾಗುವುದರಿಂದ ಪಟ್ಟಿಯ ಕೊಂಡಿ, ಪಕ್ಕದ ಗುಂಡಿಗಳು ಸುಲಭವಾಗಿ ಬಿಚ್ಚುವಂತಿರಬೇಕು.

ಬೇಸಿಗೆಗೆ ತೆಳು ಹತ್ತಿ ಅಥವಾ ಲಿನನ್, ಚಳಿಗಾಲಕ್ಕೆ ದಪ್ಪ ಡೆನಿಮ್ ಸೂಕ್ತ. ಸಡಿಲವಾದ ಡಂಗರೀಸ್ ಒಳಗೆ ಮೈಗೊಪ್ಪುವ ಟೀ ಶರ್ಟ್ ಧರಿಸಿದರೆ ಚೆಂದ. ಉದ್ದ ಹೆಚ್ಚಾಯಿತೆ? ಕಾಲಿನ ಅಂಚನ್ನು ಮಡಚಿದರಾಯಿತು. ಹತ್ತಿಬಟ್ಟೆ ಒಗೆದಾಗ ಕುಗ್ಗುವುದುಂಟು. ಕತ್ತರಿಸುವ ಮೊದಲು ಒಮ್ಮೆ ಒಗೆದು ಒಣಗಿಸಿ.