ಸಕ್ಕರೆಯ ಗಂಧಕ, ಗ್ಯಾಸಿನ ನಾತ, ಹೊಂಡದ ಪಾಚಿ

ಸಕ್ಕರೆಯನ್ನು ಬೆಳ್ಳಗೆ ಮಾಡಲು ಕಬ್ಬಿನ ಹಾಲಿಗೆ ಗಂಧಕದ ಹೊಗೆ ಹಾಯಿಸುವುದು ನಮ್ಮ ದೇಶದ ಕಾರ್ಖಾನೆಗಳ ಹಳೆಯ ರೂಢಿ. ಆ ಗಂಧಕದ ಒಂದು ಪಾಲು ಕಾಕಂಬಿಯ ಜೊತೆ ಡಿಸ್ಟಿಲರಿಗೆ ಹೋಗುತ್ತದೆ. ಅಲ್ಲಿ ಒಂದು ಲೀಟರ್ ಸ್ಪಿರಿಟ್ ಇಳಿಸಿದರೆ 8ರಿಂದ 15 ಲೀಟರ್ ಕಂದು ಬಣ್ಣದ ಸ್ಪೆಂಟ್‌ವಾಷ್ ಉಳಿಯುತ್ತದೆ. ಗಾಳಿಯಾಡದ ಡೈಜೆಸ್ಟರಿನಲ್ಲಿ ಅದನ್ನು ಕೊಳೆಸಿದರೆ ಬಯೋಗ್ಯಾಸ್ ಸಿಗುತ್ತದೆ. ಆದರೆ ಆಮ್ಲಜನಕದ ಬದಲು ಗಂಧಕದ ಲವಣವಾದ ಸಲ್ಫೇಟನ್ನೇ ಉಸಿರಾಡುವ ಬ್ಯಾಕ್ಟೀರಿಯಾಗಳೂ ಅಲ್ಲಿರುತ್ತವೆ. ಅವು ಗಂಧಕವನ್ನು ಹೈಡ್ರೋಜನ್ ಸಲ್ಫೈಡ್ ಮಾಡಿ ಬಿಡುತ್ತವೆ. ಕೊಳೆತ ಮೊಟ್ಟೆಯ ನಾತ ಇದರದ್ದೇ.

ಸಮೀರವಾಡಿ, ಹಿರೇಪಡಸಲಗಿ, ಸಿದ್ದಾಪುರ, ಉತ್ತೂರು, ಬಾಡಗಂಡಿ ಎಂದು ಕಾರ್ಖಾನೆಗಳ ಹೆಸರು ಹೇಳುತ್ತ ಹೋದರೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲ್ಲೂಕುಗಳನ್ನು ಒಂದು ಸುತ್ತು ಹಾಕಿದಂತಾಗುತ್ತದೆ. ಹಾಗಾಗಿ ಈ ಗ್ಯಾಸಿನ ಕಥೆ ಇಲ್ಲಿಯವರಿಗೆ ದೂರದ ವಿಜ್ಞಾನವಲ್ಲ.

ಬಯೋಗ್ಯಾಸಿನಲ್ಲಿ ಉರಿಯುವುದು ಮೀಥೇನ್ ಮಾತ್ರ, ಸುಮಾರು ಶೇ. 50ರಿಂದ 70. ಉಳಿದದ್ದರಲ್ಲಿ ಬಹುಪಾಲು ಇಂಗಾಲದ ಡೈಆಕ್ಸೈಡ್. ಡಿಸ್ಟಿಲರಿ ಗ್ಯಾಸಿನಲ್ಲಿ ಹೈಡ್ರೋಜನ್ ಸಲ್ಫೈಡ್ ಶೇ. 2 ಮೀರುವುದೂ ಉಂಟು. ಅದು ಎಂಜಿನ್ನಿನ ಆಯಿಲ್ ಕೆಡಿಸುತ್ತದೆ, ಪೈಪು ತಿನ್ನುತ್ತದೆ. ಮನುಷ್ಯನಿಗಂತೂ ವಿಷ. ಪ್ರಮಾಣ ಹೆಚ್ಚಾದಂತೆ ಮೂಗು ಮಂಕಾಗಿ ನಾತವೇ ತಿಳಿಯದೆ ಹೋಗುತ್ತದೆ, ಅಪಾಯ ಇರುವುದು ಅಲ್ಲಿ. ವಾಹನಕ್ಕೆ ತುಂಬುವ ಜೈವಿಕ ಮೀಥೇನಿಗೆ ಐಎಸ್ 16087 ಎಂಬ ಭಾರತೀಯ ಮಾನಕವಿದೆ: ಮೀಥೇನ್ ಕನಿಷ್ಠ ಶೇ. 90 ಇರಬೇಕು, ಹೈಡ್ರೋಜನ್ ಸಲ್ಫೈಡ್ ಘನ ಮೀಟರಿಗೆ 20 ಮಿಲಿಗ್ರಾಂ ದಾಟಬಾರದು.

ಈ ಗ್ಯಾಸನ್ನು ತೊಳೆಯುವವರು ಯಾರು? ಕೊಳಚೆ ಹರಿಯುವ ಕಪ್ಪು ಚರಂಡಿಯಲ್ಲಿ ಬಗ್ಗಿ ನೋಡಿದರೆ ಕೆಲವು ಕಡೆ ಬಿಳಿ ಎಳೆಗಳು ಓಲಾಡುತ್ತಿರುತ್ತವೆ, ರಬಕವಿಯ ಮಗ್ಗದಿಂದ ಜಾರಿಬಿದ್ದ ನೂಲಿನ ಹಾಗೆ. ಅವು ಗಂಧಕದ ಬ್ಯಾಕ್ಟೀರಿಯಾಗಳಾಗಿರಬಹುದು. ಬಿಳುಪು, ಅವು ಮೈಯೊಳಗೆ ಕೂಡಿಟ್ಟ ಗಂಧಕದ ಕಣಗಳದ್ದು. ಇಂಥವು ಹೈಡ್ರೋಜನ್ ಸಲ್ಫೈಡನ್ನೇ ಉಂಡು ಶಕ್ತಿ ಪಡೆಯುತ್ತವೆ ಎಂದು 1887ರಲ್ಲಿ ರಷ್ಯಾದ ಸೆರ್ಗೆಯಿ ವಿನೊಗ್ರಾಡ್‌ಸ್ಕಿ ತೋರಿಸಿಕೊಟ್ಟರು. ಆದರೆ ಆ ಊಟ ಅರಗಲು ಆಮ್ಲಜನಕ ಬೇಕು.

ಅದನ್ನು ಕೊಡುವವರನ್ನು ನೋಡಲು ಮಟಮಟ ಮಧ್ಯಾಹ್ನ ದನ ನೀರು ಕುಡಿಯುವ ಕಲ್ಲಿನ ದೋಣಿಯ ಬಳಿ ನಿಲ್ಲಿ. ಹಸಿರು ಹಾವಸೆಯ ಮೇಲೆ ಸಾಸಿವೆ ಗಾತ್ರದ ಗುಳ್ಳೆಗಳು ಕೂತಿರುತ್ತವೆ. ಬಿಸಿಲಿನಲ್ಲಿ ಪಾಚಿ ಇಂಗಾಲದ ಡೈಆಕ್ಸೈಡ್ ತೆಗೆದುಕೊಂಡು ಬಿಟ್ಟ ಆಮ್ಲಜನಕ ಅದು. ಕ್ಯಾಲಿಫೋರ್ನಿಯಾದ ವಿಲಿಯಂ ಆಸ್ವಾಲ್ಡ್ 1950ರ ದಶಕದಲ್ಲಿ ಚರಂಡಿ ನೀರಿನ ಹೊಂಡಗಳಲ್ಲಿ ಈ ಪಾಚಿ-ಬ್ಯಾಕ್ಟೀರಿಯಾ ಕೂಡುಬಾಳನ್ನು ಅಭ್ಯಾಸ ಮಾಡಿದರು. ಸ್ಪೇನಿನ ವಲ್ಯಾಡೊಲಿಡ್ ವಿಶ್ವವಿದ್ಯಾಲಯದ ಸಂಶೋಧಕರು ಅದನ್ನೇ ಗ್ಯಾಸ್ ಶುದ್ಧಿಗೆ ಪಳಗಿಸಿದ್ದಾರೆ.

ಹೊಂಡದ ಪಕ್ಕ ಎತ್ತರದ ಕೊಳವೆ. ಕೆಳಗಿನಿಂದ ಗ್ಯಾಸು, ಹೊಂಡದಿಂದ ಪಾಚಿ ನೀರು. ಇಂಗಾಲದ ಡೈಆಕ್ಸೈಡ್, ಹೈಡ್ರೋಜನ್ ಸಲ್ಫೈಡ್ ಎರಡೂ ನೀರಿಗೆ ಇಳಿಯುತ್ತವೆ, ಮೀಥೇನ್ ಹೆಚ್ಚು ಕರಗದೆ ಮೇಲೇರುತ್ತದೆ. ಸಲ್ಫೈಡ್ ಪಾಚಿಗೂ ವಿಷವೇ. ಅದನ್ನು ಬ್ಯಾಕ್ಟೀರಿಯಾ ಕಳೆಯುತ್ತದೆ, ಅದಕ್ಕೆ ಬೇಕಾದ ಉಸಿರನ್ನು ಪಾಚಿ ಕೊಡುತ್ತದೆ. ಒಬ್ಬರಿಲ್ಲದೆ ಇನ್ನೊಬ್ಬರಿಲ್ಲ.

ರಾತ್ರಿ ಪಾಚಿ ಈ ಕೆಲಸ ಮಾಡುವುದಿಲ್ಲ. ಆಗ ನೀರಿನ ಕ್ಷಾರವೇ ಕಣಜ. ಕ್ಷಾರದ ನೀರಿನಲ್ಲಿರುವ ವಾಷಿಂಗ್ ಸೋಡಾ ಇಂಗಾಲದ ಡೈಆಕ್ಸೈಡ್ ಹಿಡಿದು ಅಡಿಗೆ ಸೋಡಾ ಆಗುತ್ತದೆ. ಹಗಲು ಪಾಚಿ ಆ ಇಂಗಾಲವನ್ನು ಬಳಸಿಕೊಂಡಾಗ ಮತ್ತೆ ವಾಷಿಂಗ್ ಸೋಡಾ. ಸ್ಪಿರುಲಿನಾ ಇಂಥ ನೀರಿನಲ್ಲೇ ಸೊಂಪಾಗಿ ಬೆಳೆಯುತ್ತದೆ. ಇದನ್ನು ಬರೆಯುವಾಗ ನನ್ನ ಕಣ್ಣ ಮುಂದೆ ಇರುವುದು ಕೃಷ್ಣಾ, ಘಟಪ್ರಭಾ ದಂಡೆಯ ಸವಳು ಭೂಮಿ. ವರ್ಷಗಟ್ಟಲೆ ನೀರು ಹಾಯಿಸಿ ಹಾಯಿಸಿ ಉಪ್ಪು ಮೇಲೆದ್ದು ಕಬ್ಬು ಕೈಕೊಟ್ಟ ಹೊಲಗಳು. ಪಾಚಿ ಹೊಂಡಕ್ಕೆ ಒಳ್ಳೆಯ ಹೊಲ ಬೇಡ, ಬಸಿಗಾಲುವೆಯ ಉಪ್ಪುನೀರೂ ನಡೆಯುತ್ತದೆ.

ಲೆಕ್ಕವನ್ನು ಮಾತ್ರ ಮರೆಯಬಾರದು. ಒಂದು ಕಿಲೋ ಒಣ ಪಾಚಿ ಸುಮಾರು 1.8 ಕಿಲೋ ಇಂಗಾಲದ ಡೈಆಕ್ಸೈಡ್ ಹೀರುತ್ತದೆ. ಚದರ ಮೀಟರಿಗೆ ದಿನಕ್ಕೆ 20 ಗ್ರಾಂ ಪಾಚಿ ಬೆಳೆದರೂ ದಿನಕ್ಕೆ 1,000 ಘನ ಮೀಟರ್ ಗ್ಯಾಸಿಗೆ ಹತ್ತಿರ ಹತ್ತಿರ 5 ಎಕರೆ ಹೊಂಡ ಬೇಕು. ಬೇಸಿಗೆಯಲ್ಲಿ ದಿನಕ್ಕೆ 6 ಮಿ.ಮೀ. ಆವಿಯಾದರೆ ಅಲ್ಲಿಂದ 1.2 ಲಕ್ಷ ಲೀಟರ್ ನೀರು ಹಾರಿಹೋಗುತ್ತದೆ. ಸ್ಪೆಂಟ್‌ವಾಷ್‌ನ ಕಂದು ಬಣ್ಣ ಬಿಸಿಲು ತಡೆಯುವುದರಿಂದ ತೆಳು ಮಾಡದೆ ಅದನ್ನು ಹೊಂಡಕ್ಕೆ ಬಿಡುವಂತಿಲ್ಲ. ಆದ್ದರಿಂದ ದೊಡ್ಡ ಡಿಸ್ಟಿಲರಿಯಲ್ಲಿ ಗಂಧಕ ತೆಗೆಯಲು ಬ್ಯಾಕ್ಟೀರಿಯಾದ ಟ್ಯಾಂಕು, ಸಗಣಿ ಇಲ್ಲವೆ ಕಬ್ಬಿನ ಹಾಲು ಸೋಸಿ ಉಳಿದ ಪ್ರೆಸ್‌ಮಡ್‌ನ ಸಣ್ಣ ಘಟಕಗಳಿಗೆ ಪಾಚಿ ಹೊಂಡ, ಇದೇ ಸರಿಯಾದ ಹೊಂದಾಣಿಕೆ ಎಂದು ನನ್ನ ಎಣಿಕೆ.

ಟ್ಯಾಂಕಿನಲ್ಲಿ ಆಮ್ಲಜನಕ ಅಳೆದು ಬಿಟ್ಟರೆ ಬ್ಯಾಕ್ಟೀರಿಯಾ ಸಲ್ಫೈಡನ್ನು ಹಳದಿ ಗಂಧಕದ ಹಂತದಲ್ಲೇ ನಿಲ್ಲಿಸುತ್ತದೆ. ಆ ಪುಡಿಯನ್ನು ಕ್ಷಾರದ ಕರಿಮಣ್ಣಿಗೆ ಹಾಕಿದರೆ ಮಣ್ಣಿನ ಬ್ಯಾಕ್ಟೀರಿಯಾಗಳು ಅದನ್ನು ಆಮ್ಲ ಮಾಡುತ್ತವೆ. ಆಮ್ಲ ಮಣ್ಣಿನ ಸುಣ್ಣ ಕರಗಿಸುತ್ತದೆ, ಸುಣ್ಣದ ಕ್ಯಾಲ್ಸಿಯಂ ಸೋಡಿಯಮ್ಮನ್ನು ಹೊರದಬ್ಬುತ್ತದೆ, ಬಸಿಗಾಲುವೆ ಇದ್ದರೆ ಅದು ನೀರಿನೊಡನೆ ಹೊರಗೆ ಹರಿದುಹೋಗುತ್ತದೆ. ಸಕ್ಕರೆ ಬಿಳಿ ಮಾಡಲು ಹೊಗೆಯಾಗಿ ಹೋದ ಗಂಧಕ ಹೀಗೆ ಕಬ್ಬಿನ ಹೊಲಕ್ಕೇ ಮರಳುತ್ತದೆ.