ಕಷಾಯವು ಔಷಧವಾಗುವ ಬಗೆ: ಮಲೇರಿಯಾ ಮತ್ತು ಗಿಡಮೂಲಿಕೆಗಳ ಪರೀಕ್ಷೆ

ಮಕ್ಕಳಿಗೆ ಚಳಿಜ್ವರ ಬಂದೊಡನೆ ನೆಲಬೇವಿನ ಕಷಾಯ ಕಾಯಿಸುವ ಮನೆಗಳು ಗಡಿನಾಡಿನಲ್ಲಿ ಇಂದಿಗೂ ಇವೆ. ಹಿರಿಯರ ಈ ತಿಳಿವಳಿಕೆಯನ್ನು ವಿಜ್ಞಾನವು ತಳ್ಳಿಹಾಕುವುದಿಲ್ಲ, ಪರೀಕ್ಷೆಗೆ ಒಡ್ಡುತ್ತದೆ.

ಮಲೇರಿಯಾಕ್ಕೆ ಕಾರಣ ಪ್ಲಾಸ್ಮೋಡಿಯಂ ಎಂಬ ಪರೋಪಜೀವಿ. ಹೆಣ್ಣು ಅನಾಫಿಲಿಸ್ ಸೊಳ್ಳೆಯ ಕಡಿತದಿಂದ ದೇಹವನ್ನು ಸೇರುವ ಅದು ಯಕೃತ್ತಿನಲ್ಲಿ ಬೆಳೆದು, ಬಳಿಕ ಕೆಂಪು ರಕ್ತಕಣಗಳನ್ನು ನಾಶಪಡಿಸುತ್ತದೆ. ಇದರ ಹಳೆಯ ಮದ್ದು ದೊರೆತದ್ದೂ ಮರದಿಂದಲೇ. 1820ರಲ್ಲಿ ಫ್ರಾನ್ಸಿನ ಪೆಲ್ಟಿಯೆ ಮತ್ತು ಕಾವಂತು ಅವರು ಸಿಂಕೋನಾ ತೊಗಟೆಯಿಂದ ಕ್ವಿನೈನನ್ನು ಬೇರ್ಪಡಿಸಿದರು. 1860ರ ದಶಕದಲ್ಲಿ ಆ ಮರವನ್ನು ನಮ್ಮ ನೀಲಗಿರಿಯಲ್ಲಿಯೂ ನೆಟ್ಟು ಬೆಳೆಸಲಾಯಿತು.

ಮುಂದೆ ಕ್ಲೋರೋಕ್ವಿನ್ ಮಾತ್ರೆಗೂ ರೋಗಾಣು ಬಗ್ಗದಾದಾಗ, 1967ರಲ್ಲಿ ಚೀನಾ ಹೊಸ ಮದ್ದಿನ ಶೋಧಕ್ಕೆ ತೊಡಗಿತು. ತೂ ಯೂಯೂ ಅವರ ತಂಡವು ಸುಮಾರು 200 ಮೂಲಿಕೆಗಳ 380ಕ್ಕೂ ಹೆಚ್ಚು ಸಾರಗಳನ್ನು ಮಲೇರಿಯಾ ಪೀಡಿತ ಇಲಿಗಳ ಮೇಲೆ ಪರೀಕ್ಷಿಸಿತು. ನಮ್ಮ ದವನದ ಕುಲಕ್ಕೇ ಸೇರಿದ ಆರ್ಟಿಮಿಸಿಯಾ ಆನುವಾ ಎಂಬ ಗಿಡ ಮೊದಲು ಭರವಸೆ ಮೂಡಿಸಿತು. ಮರುಪರೀಕ್ಷೆಯಲ್ಲಿ ಆ ಫಲ ಮತ್ತೆ ಕಾಣಲಿಲ್ಲ. ಆಗ ಅವರು 4ನೆಯ ಶತಮಾನದ ಗೆ ಹಾಂಗ್ ಎಂಬ ವೈದ್ಯನ ಗ್ರಂಥವನ್ನು ಮತ್ತೊಮ್ಮೆ ಓದಿದರು. ಅಲ್ಲಿ ಗಿಡವನ್ನು ಕುದಿಸುವ ಮಾತಿರಲಿಲ್ಲ. ನೀರಿನಲ್ಲಿ ನೆನೆಸಿ ರಸ ಹಿಂಡುವ ವಿಧಾನವಿತ್ತು. ಕಾವೇ ಸತ್ವವನ್ನು ಕೆಡಿಸುತ್ತಿರಬಹುದೆಂದು ಊಹಿಸಿ, ಕಡಿಮೆ ಉಷ್ಣತೆಯಲ್ಲಿ ಈಥರ್ ದ್ರಾವಕದಿಂದ ಸಾರ ತೆಗೆದರು. 1971ರ ಅಕ್ಟೋಬರಿನಲ್ಲಿ ಆ ಸಾರವು ಇಲಿಗಳಲ್ಲಿ ರೋಗಾಣುವನ್ನು ಪೂರ್ಣವಾಗಿ ಅಡಗಿಸಿತು. ಸುರಕ್ಷತೆಯನ್ನು ಅರಿಯಲು 1972ರಲ್ಲಿ ತೂ ಅವರೂ ಸಹೋದ್ಯೋಗಿಗಳೂ ಮೊದಲು ತಾವೇ ಅದನ್ನು ಸೇವಿಸಿದರು. ಅನಂತರವೇ ರೋಗಿಗಳಿಗೆ ಕೊಟ್ಟರು. ಅದರಿಂದ ದೊರೆತ ಆರ್ಟಿಮಿಸಿನಿನ್‌ಗಾಗಿ ತೂ ಅವರಿಗೆ 2015ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು.

ಇಂದಿಗೂ ಕ್ರಮ ಹೆಚ್ಚುಕಡಿಮೆ ಇದೇ. ಗಾಜಿನ ಪಾತ್ರೆಯಲ್ಲಿ ಮಾನವ ರಕ್ತಕಣಗಳೊಳಗೆ ರೋಗಾಣುವನ್ನು ಬೆಳೆಸಿ, ಅದರ ಬೆಳವಣಿಗೆಯನ್ನು ಅರ್ಧಕ್ಕೆ ಇಳಿಸಲು ಎಷ್ಟು ಸಾರ ಬೇಕೆಂದು ಅಳೆಯುತ್ತಾರೆ. ಅಷ್ಟೇ ಸಾರವು ಆರೋಗ್ಯವಂತ ಜೀವಕೋಶಗಳನ್ನೂ ಕೊಲ್ಲುವುದಾದರೆ ಅದು ಮದ್ದಲ್ಲ, ವಿಷ. ಇದನ್ನು ದಾಟಿದ ಸಾರಕ್ಕೆ ಇಲಿಗಳ ಪರೀಕ್ಷೆ, ಕೊನೆಗೆ ಮನುಷ್ಯರ ಮೇಲೆ ಹಂತಹಂತದ ಪ್ರಯೋಗ. ಹೆಚ್ಚಿನ ಸಾರಗಳು ನಡುದಾರಿಯಲ್ಲೇ ಸೋಲುತ್ತವೆ. ನೆಲಬೇವಿನ ಸಾರವೂ ಪ್ರಯೋಗಾಲಯದಲ್ಲಿ ರೋಗಾಣುವನ್ನು ತಡೆದದ್ದುಂಟು. ಆದರೆ ಪಾತ್ರೆಯೊಳಗಿನ ಗೆಲುವು ರೋಗಿಯ ಗುಣವಲ್ಲ.

ಆರ್ಟಿಮಿಸಿಯಾ ಗಿಡವನ್ನೇ ಚಹಾದಂತೆ ಕುಡಿಯುವುದನ್ನೂ ವಿಶ್ವ ಆರೋಗ್ಯ ಸಂಸ್ಥೆ ಬೆಂಬಲಿಸುವುದಿಲ್ಲ. ಎಲೆಯಿಂದ ಎಲೆಗೆ ಸತ್ವದ ಪ್ರಮಾಣ ಬೇರೆಯಾಗುತ್ತದೆ. ಸಾಲದ ಪ್ರಮಾಣವು ರೋಗಾಣುವನ್ನು ಕೊಲ್ಲದೆ, ಮದ್ದಿಗೆ ಒಗ್ಗಿಕೊಳ್ಳಲು ಅವಕಾಶ ಕೊಡುತ್ತದೆ.

ಆದುದರಿಂದ ಪೋಷಕರಲ್ಲಿ ಒಂದು ವಿನಂತಿ. ಚಳಿಜ್ವರ ಕಂಡರೆ ಕಷಾಯದ ಫಲಕ್ಕಾಗಿ ದಿನ ಕಾಯಬೇಡಿ. ಫಾಲ್ಸಿಪಾರಂ ಮಲೇರಿಯಾ 24 ಗಂಟೆಗಳಲ್ಲಿಯೇ ಉಲ್ಬಣಿಸಬಹುದು. ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ರಕ್ತಪರೀಕ್ಷೆಯೂ ಮದ್ದೂ ಉಚಿತ. ಜ್ವರ ಇಳಿದರೂ ವೈದ್ಯರು ಹೇಳಿದಷ್ಟು ದಿನ ಮಾತ್ರೆಯನ್ನು ಪೂರ್ತಿ ಕೊಡಿ. ಅಜ್ಜಿಯ ಗಿಡದ ಹೆಸರನ್ನೂ ಗುಣವನ್ನೂ ಮಕ್ಕಳಿಗೆ ಕನ್ನಡದಲ್ಲಿಯೇ ಕಲಿಸೋಣ; ನಾಳೆ ಅದನ್ನು ಪರೀಕ್ಷಿಸುವ ವಿಜ್ಞಾನಿ ನಮ್ಮ ಕನ್ನಡ ಶಾಲೆಯಿಂದಲೇ ಬರಬಹುದು.