ಮೂರು ಪ್ರತಿ ಇದ್ದರೆ ಸಾಕೇ?

2021ರ ಮಾರ್ಚ್ 10ರ ನಡುರಾತ್ರಿ. ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದಲ್ಲಿ ಓವಿಎಚ್‌ಕ್ಲೌಡ್ ಸಂಸ್ಥೆಯ ದತ್ತಾಂಶ ಕೇಂದ್ರಕ್ಕೆ ಬೆಂಕಿ ಬಿತ್ತು. ಒಂದು ಕಟ್ಟಡ ಪೂರ್ತಿ ಸುಟ್ಟುಹೋಯಿತು. ಪುಣ್ಯಕ್ಕೆ ಯಾರಿಗೂ ಗಾಯವಾಗಲಿಲ್ಲ. ಆದರೆ ಎಷ್ಟೋ ಗ್ರಾಹಕರ ಮಾಹಿತಿ ಮತ್ತೆ ಸಿಗಲೇ ಇಲ್ಲ. ಮುಂಜಾಗ್ರತೆಗೆಂದು ಇನ್ನೊಂದು ಪ್ರತಿ ಇರಿಸಿದ್ದವರೂ ಇದ್ದರು. ದುರ್ದೈವವೆಂದರೆ, ಕೆಲವರ ಆ ಪ್ರತಿಯೂ ಅದೇ ಕಟ್ಟಡದಲ್ಲಿತ್ತು!

'ಕ್ಲೌಡ್' ಎಂದರೆ ಆಕಾಶದ ಮೋಡವಲ್ಲ. ಯಾವುದೋ ಊರಿನ ಕಟ್ಟಡದೊಳಗಿರುವ ಡಿಸ್ಕುಗಳ ಸಾಲು. ಡಿಸ್ಕು ಕೆಡಬಹುದು, ಕಟ್ಟಡ ಸುಡಬಹುದು. ಅದಕ್ಕೇ ಒಂದು ಫೈಲಿಗೆ ಹಲವು ಪ್ರತಿಗಳು. ಮೈಕ್ರೋಸಾಫ್ಟ್‌ನ ಅಜೂರ್ ಸೇವೆಯನ್ನೇ ನೋಡಿ. ಅಗ್ಗದ ಆಯ್ಕೆಯಲ್ಲಿ ಮೂರು ಪ್ರತಿಗಳೂ ಒಂದೇ ಕೇಂದ್ರದಲ್ಲಿರುತ್ತವೆ. ಡಿಸ್ಕು ಕೆಟ್ಟರೆ ಚಿಂತೆಯಿಲ್ಲ. ಕೇಂದ್ರವೇ ಸುಟ್ಟರೆ ಮೂರೂ ಹೋದಾವು. ಇನ್ನೊಂದು ಆಯ್ಕೆಯಲ್ಲಿ ಅವು ಒಂದೇ ಪ್ರದೇಶದ ಬೇರೆ ಬೇರೆ ವಲಯಗಳಲ್ಲಿರುತ್ತವೆ. ಮತ್ತೊಂದರಲ್ಲಿ ನೂರಾರು ಕಿಲೋಮೀಟರ್ ದೂರದ ಪ್ರದೇಶದಲ್ಲೂ ಮೂರು ಪ್ರತಿ, ಒಟ್ಟು ಆರು. ಭದ್ರತೆ ಹೆಚ್ಚಿದಂತೆ ಖರ್ಚೂ ಹೆಚ್ಚು.

ಆರು ಪ್ರತಿಯಿದ್ದರೆ ನಿಶ್ಚಿಂತೆಯೇ? ಅದೂ ಇಲ್ಲ. ನೀವು ಕೈತಪ್ಪಿ ಫೈಲನ್ನು ಅಳಿಸಿದರೆ ಆರು ಕಡೆಯೂ ಅಳಿಯುತ್ತದೆ. ಪ್ರತಿಗಳು ಯಂತ್ರದ ತಪ್ಪಿನಿಂದ ಕಾಪಾಡುತ್ತವೆ, ನಮ್ಮ ತಪ್ಪಿನಿಂದಲ್ಲ. ಅದಕ್ಕೆ ಹಳೆಯದನ್ನು ಹಾಗೆಯೇ ಬೇರೆಡೆ ಉಳಿಸುವ ಬ್ಯಾಕಪ್ ಬೇಕು.

ವಿದ್ಯಾರ್ಥಿಗಳೇ, ನಿಮ್ಮ ಪ್ರಾಜೆಕ್ಟ್ ವರದಿ ಫೋನಿನಲ್ಲಷ್ಟೇ ಇದೆಯೇ? ಪೋಷಕರೇ, ಮಕ್ಕಳ ಅಂಕಪಟ್ಟಿಯ ಸ್ಕ್ಯಾನ್ ಪ್ರತಿ ಎಲ್ಲಿದೆ? ಇಂದೇ ಒಂದು ಪೆನ್‌ಡ್ರೈವ್‌ಗೆ ಹಾಕಿಡಿ. ಅದನ್ನು ನಿಮ್ಮ ಮನೆಯಲ್ಲಲ್ಲ, ಅಜ್ಜಿಯ ಮನೆಯಲ್ಲಿಡಿ!